ಹದಿನೇಳು ಹೆಸರಿನ ಬ್ಯಾಂಡು

ರೈಲ್ವೆಯಿಂದ ನಿವೃತ್ತರಾದ ನನ್ನ ಸೋದರಮಾವ ತಮ್ಮ ಬ್ಯಾಂಡಿನಿಂದ ಇದುವರೆಗೆ ಯಾರನ್ನೂ ತೆಗೆದಿಲ್ಲ. ಯಾರೂ ಬಿಟ್ಟು ಹೋಗಿಯೂ ಇಲ್ಲವಂತೆ! ಹಾಗಾದರೆ ಚೆನ್ನೈನ ತಾಂಬರಂನಲ್ಲಿರುವ ಅವರ ಮಹಡಿಯಲ್ಲಿ ಅಭ್ಯಾಸಕ್ಕೆ ನಾವಿಬ್ಬರೇ ಯಾಕಿರುತ್ತೇವೆ ಎಂದು ಕೇಳಿ ನೋಡಿ. "ಬರ್ತೀನಿ ಅಂತ ಹೇಳಿ ಹೋಗಿದಾರಪ್ಪ, ಬರ್ತಾರೆ" ಎನ್ನುತ್ತಾರೆ.

ತಪ್ಪೆಲ್ಲ ಆ ಒಂದು ಮಾತಿನದು. ತಮಿಳಿನಲ್ಲಾಗಲಿ ಕನ್ನಡದಲ್ಲಾಗಲಿ ಮರ್ಯಾದಸ್ಥರು 'ಹೋಗ್ತೀನಿ' ಎನ್ನುವುದಿಲ್ಲ, 'ಹೋಗಿ ಬರ್ತೀನಿ' ಎನ್ನುತ್ತಾರೆ. ಮದುವೆಯಾಗಿ ಹೋದ ಗಾಯಕಿ, 'ಸ್ವಂತ ಹಾಡು ಯಾರಿಗೆ ಬೇಕು, ಸಿನಿಮಾ ಹಾಡು ನುಡಿಸೋಣ' ಎಂದು ಜಗಳವಾಡಿ ಹೋದ ಗಿಟಾರಿನವನು, ಮಸ್ಕತ್ತಿಗೆ ಹೋದ ಡ್ರಮ್ಮರು, ಎಲ್ಲರೂ ಮೆಟ್ಟಿಲಿಳಿಯುವಾಗ "ಪೋಯ್ಟು ವರೇನ್ ಸಾರ್" ಅಂದವರೇ. ಮಾವ ಅದನ್ನು ನಿಜವೆಂದೇ ನಂಬಿ ಹದಿನೇಳು ಹೆಸರನ್ನೂ ಪೋಸ್ಟರಿನಲ್ಲಿ ಉಳಿಸಿಕೊಂಡಿದ್ದಾರೆ. ಅಡ್ಯಾರಿನ ಕಾರ್ಯಕ್ರಮದವರು, ಪಾಪ, ವೇದಿಕೆಯ ಮೇಲೆ ಹದಿನೇಳು ಕುರ್ಚಿ ಹಾಕಿಸಿದ್ದರು! ಎಲ್ಲರೂ ಎಲ್ಲಿ ಎಂದು ಕೇಳಿದ್ದಕ್ಕೆ ಮಾವ ಗಂಭೀರವಾಗಿ, "ವಂದುಟ್ಟೇ ಇರುಕ್ಕಾಂಗ" ಎಂದರು. ಬರ್ತಾ ಇದ್ದಾರಂತೆ. ಮಸ್ಕತ್ತಿನಿಂದ!

ಆ ಹದಿನೇಳರಲ್ಲಿ ನನ್ನ ಹೆಸರಿಲ್ಲ. ಮಾವ ತಮ್ಮ ಹೆಸರನ್ನೂ ಹಾಕಿಕೊಂಡಿಲ್ಲ, ಅದು ಅವರಿಷ್ಟ. ಆದರೆ ಎಗ್ಮೋರಿನ ಆಫೀಸು ಮುಗಿಸಿ, ಲೋಕಲ್ ಟ್ರೇನಿನಲ್ಲಿ ನೇತಾಡಿಕೊಂಡು ಬಂದು ಒಂಬತ್ತು ವರ್ಷದಿಂದ ಡ್ರಮ್ ಬಾರಿಸುತ್ತಿರುವವನು ಯಾರು? "ಡ್ರಮ್ಮರ್ ಬರೋತನಕ ಎರಡು ವಾರ ಕೂತ್ಕೊಳೋ" ಎಂದಿದ್ದರು. ಸ್ಟೂಲನ್ನು ಎತ್ತರಿಸುವ ಹಾಗೂ ಇಲ್ಲ. "ಅವನ ಅಳತೆ ಕೆಡತ್ತೆ!" ಆ ಕುಳ್ಳನ ಅಳತೆಗೆ ಕೂತು ಕೂತು ನನ್ನ ಮೊಣಕಾಲು ಗದ್ದಕ್ಕೆ ತಾಗುತ್ತದೆ.

ಕಳೆದ ಶನಿವಾರ ಹೊಸ ಪೋಸ್ಟರ್ ಬಂತು. ಮತ್ತೆ ಅದೇ ಹದಿನೇಳು! ಕೋಲುಗಳನ್ನು ಕೆಳಗೆಸೆದು ಎದ್ದೆ. "ನಾನು ಹೋಗ್ತೀನಿ ಮಾವ."

"ಹೋಗಿ ಬರ್ತೀನಿ ಅನ್ನೋ."

"ಇಲ್ಲ. ಹೋಗ್ತೀನಿ, ಅಷ್ಟೇ."

ಮಾವನ ಮುಖ ಬಿಳಿಚಿಕೊಂಡಿತು. "ಕೊಂಜ ಇರೋ, ಸ್ವಲ್ಪ ತಾಳು" ಎನ್ನುತ್ತ ಜೇಬಿನಿಂದ ಪೆನ್ನು ತೆಗೆದು, ಹದಿನೇಳನೆಯ ಹೆಸರಿನ ಕೆಳಗೆ ನನ್ನ ಹೆಸರಿನ ಮೊದಲ ಅಕ್ಷರ ಬರೆದರು.

"ಹೋದವರು ನೋಡಿ ವಾಪಸ್ ಬರ್ಲಿ ಅಂತ ಹೆಸರು ಹಾಕೋದು ಕಣೋ. ನೀನು ಇಲ್ಲೇ ಇದ್ದೆ. ನಿಂಗ್ಯಾಕೆ ಅನ್ಕೊಂಡಿದ್ದೆ."

ನಾನು ಅವರ ಕೈ ಹಿಡಿದುಕೊಂಡೆ. "ಬರೀಬೇಡಿ ಮಾವ. ಸ್ಟೂಲು ಮಾತ್ರ ಎರಡಿಂಚು ಏರಿಸ್ಕೊಳ್ತೀನಿ."

ಅವರು ಸ್ಟೂಲನ್ನೊಮ್ಮೆ ನೋಡಿದರು.

"ಒಂದಿಂಚು" ಎಂದರು.