ಬೆರಳಿಗೂ ಕಾಲಿಗೂ ಹದಿನಾಲ್ಕು ಇಂಚು

ಅರವತ್ತು ದಾಟಿದ ಸರಕು, ಆದರೂ ಮಡಿಕೆಯಲ್ಲಿ ಹರಿದಿಲ್ಲ. ತೆಳುವಾಗಿದ್ದರೂ ನೇಯ್ಗೆ ಗಟ್ಟಿ. ಒಗೆದರೆ ಬಣ್ಣ ಬಿಡುವ ಪೈಕಿ ಅಲ್ಲ. ಯೋಗ ಕಲಿಸುವ ಟೀಚರಮ್ಮನನ್ನು ಬಟ್ಟೆ ಅಂಗಡಿಯ ಯಜಮಾನ ಅವರ ಕ್ಲಾಸಿನ ಬಾಗಿಲಲ್ಲೇ ಹೀಗೆ ಅಳೆದು ಮುಗಿಸಿದ್ದ. ಚೌಕಾಸಿಗೆ ಜಗ್ಗುವ ಹೆಂಗಸಲ್ಲ ಎಂಬುದು ಹತ್ತು ನಿಮಿಷದಲ್ಲಿ ಖಾತ್ರಿಯಾಗಿತ್ತು. ಆದರೂ ಬಿಟ್ಟಿರಲಿಲ್ಲ.

ಯಜಮಾನ: ಕೊನೇ ಮಾತು ಹೇಳಿಬಿಡಿ ಮೇಡಂ. ನನಗೆ ಒಂದೇ ಆಸನ ಸಾಕು. ನೆಲದ ಮೇಲೆ ಕೂತು ಮುಂದಕ್ಕೆ ಬಗ್ಗೋದು. ಉಳಿದದ್ದನ್ನ ಬೇರೆಯವರಿಗೆ ಕೊಡಿ.

ಟೀಚರಮ್ಮ: ಇಲ್ಲಿ ಬಿಡಿಯಾಗಿ ಕೊಡಲ್ಲ. ಮೊದಲು ಮಲಗಿ.

ಯಜಮಾನ: ಮಲಗೋದಕ್ಕೆ ಮನೇಲಿ ಮಂಚ ಇದೆ.

ಟೀಚರಮ್ಮ: ಇದು ಶವಾಸನ.

ಯಜಮಾನ: ಆ ಹೆಸರಿಟ್ಟುಕೊಂಡು ಹೊಸ ಗಿರಾಕಿಗೆ ಮೊದಲು ಇದನ್ನೇ ತೋರಿಸ್ತೀರಾ? ಶೋಕೇಸಲ್ಲಿ ಇಡೋ ಮಾಲಾ ಇದು?

ಆ ಕೋಣೆಯಲ್ಲಿದ್ದ ಒಂದೇ ಒಂದು ಕುರ್ಚಿಯಲ್ಲಿ ಅವನ ಹೆಂಡತಿ ಬಲಗಾಲು ಚಾಚಿ ಕೂತಿದ್ದಳು. ಇನ್ನು ಮೂರು ವಾರಕ್ಕೆ ಅವಳ ಮೊಣಕಾಲಿನ ಆಪರೇಷನ್. ಯಜಮಾನನಿಗೆ ಹೊಟ್ಟೆ ಅಡ್ಡ ಬಂದು ಎಂಟು ವರ್ಷ; ಅಂದಿನಿಂದ ದಿನಾ ಬೆಳಿಗ್ಗೆ ಅವನ ಕಾಲುಚೀಲ ಹಾಕುತ್ತಿದ್ದವಳು ಅವಳೇ.

ಹೆಂಡತಿ: ಮಲಗ್ರೀ ಸುಮ್ನೆ. ನನಗೆ ಆಪರೇಷನ್ ಆದ್ಮೇಲೆ ನಿಮಗೆ ಕಾಲುಚೀಲ ಹಾಕೋರು ಯಾರು ಅಂತ ತಾನೇ ಬಂದಿರೋದು? ಎಂಟು ವರ್ಷ ನಾನು ಬಗ್ಗಿದ್ದೀನಿ. ನಿಮಗೆ ಐದು ನಿಮಿಷ ಮಲಗಕ್ಕಾಗಲ್ವಾ?

ಯಜಮಾನ: ಹೂಂ. ಅದಕ್ಕೇ ಬಂದಿರೋದು.

ಸುಳ್ಳು. ಡಾಕ್ಟರು ಅವನನ್ನು ಬೇರೆಯಾಗಿ ಕರೆದು ಹೇಳಿದ್ದರು: ಆಪರೇಷನ್ ಆದ ಮೇಲೆ ಆರು ವಾರ ಅವಳ ಎರಡು ಕಾಲಿಗೂ ಉದ್ದನೆಯ ಬಿಗಿ ಕಾಲುಚೀಲ ಹಾಕಬೇಕು; ಅವಳು ಬಗ್ಗುವಂತಿಲ್ಲ; ಯಾರಾದರೂ ಕೆಳಗೆ ಕೂತು ಹಾಕಬೇಕು. ನರ್ಸ್ ಕಳಿಸಲೇ ಎಂದು ಕೇಳಿದಾಗ, ‘ಬೇಡ, ನಾನೇ ಹಾಕ್ತೀನಿ’ ಎಂದು ಬಾಯಿಂದ ಬಂದುಬಿಟ್ಟಿತ್ತು. ಅವನು ನೆಲದ ಮೇಲೆ ಕೂತು ಹನ್ನೊಂದು ವರ್ಷವಾಗಿತ್ತು. ಹೆಂಡತಿಗೆ ಹೇಳಿದರೆ ನಗುತ್ತಾಳೆ, ಇಲ್ಲವೇ ಅಳುತ್ತಾಳೆ. ಎರಡನ್ನೂ ಸಂಭಾಳಿಸುವುದು ಅವನಿಗೆ ಬರುತ್ತಿರಲಿಲ್ಲ.

ಮಲಗಿದ. ಕಿಟಕಿಯ ಪರದೆಯ ಕೆಳಗಿನಿಂದ ಒಂದು ಪಟ್ಟಿ ಬಿಸಿಲು ಬಂದು ನೇರ ಅವನ ಕಣ್ಣಿಗೆ ಬಿತ್ತು.

ಯಜಮಾನ: ಮೇಡಂ, ನಿಮ್ಮ ಪರದೆ ಗಿಡ್ಡ. ಯಾವನು ಕೊಟ್ಟ ಬಟ್ಟೆ ಇದು?

ಟೀಚರಮ್ಮ: ಮಾತು ಬೇಡ. ಉಸಿರು ಎಳ್ಕೊಳ್ಳಿ. ಬಿಡಿ.

ಯಜಮಾನ: ಇದನ್ನ ಹುಟ್ಟಿದಾಗಿಂದ ಮಾಡ್ತಾನೇ ಇದ್ದೀನಿ.

ಟೀಚರಮ್ಮ: ಅರ್ಧ ಮಾಡ್ತಿದ್ದೀರಿ. ಎಳ್ಕೊಂಡಿದ್ದನ್ನ ಬಿಡ್ತಾ ಇಲ್ಲ.

ಹೆಂಡತಿ: ಸರಿಯಾಗಿ ಹಿಡಿದ್ರಿ ಟೀಚರ್. ಕೈಗೆ ಬಂದಿದ್ದನ್ನ ಬಿಟ್ಟು ಅಭ್ಯಾಸ ಇಲ್ಲ ಅವರಿಗೆ.

ಎದ್ದು ಕೂರಲು ಗೋಡೆ, ಟೀಚರಮ್ಮನ ಮೊಣಕೈ, ಕೊನೆಗೆ ಕಿಟಕಿಯ ಸರಳು, ಮೂರೂ ಬೇಕಾದವು. ಕೂತವನೇ ಕಾಲು ಚಾಚಿ, ಜೇಬಿನಿಂದ ಅಳತೆಯ ಟೇಪು ತೆಗೆದ. ಮುಂದಕ್ಕೆ ಬಗ್ಗಿ, ಕೈಬೆರಳಿನ ತುದಿಯಿಂದ ಕಾಲ್ಬೆರಳಿನ ತನಕ ಟೀಚರಮ್ಮನಿಂದಲೇ ಟೇಪು ಹಿಡಿಸಿದ.

ಯಜಮಾನ: ಹದಿನಾಲ್ಕು ಇಂಚು. ದಿನಕ್ಕೆ ಒಂದಿಂಚು ಅಂದ್ರೂ ಮೂರು ವಾರದಲ್ಲಿ ಮುಟ್ಟಿ ಮಿಗುತ್ತೆ.

ಟೀಚರಮ್ಮ: ಮೊಣಕಾಲು ಮಡಿಸಿದ್ದೀರಿ. ನೇರ ಮಾಡಿ.

ನೇರ ಮಾಡಿದ. ಹದಿನೇಳು.

ಯಜಮಾನ: ಇದೆಂಥ ಕ್ಲಾಸು ಮೇಡಂ? ಈಗ ತಾನೇ ಹದಿನಾಲ್ಕಿತ್ತು. ನಿಮ್ಮ ಮಾತು ಕೇಳಿದ್ದಕ್ಕೆ ಮೂರಿಂಚು ಹೋಯ್ತು.

ಟೀಚರಮ್ಮ: ಹೋಗಿಲ್ಲ, ಮೊದಲೇ ಇರಲಿಲ್ಲ. ಆಗ ಎಳೆದು ಅಳೆದಿದ್ರಿ, ಅಷ್ಟೇ. ಆ ಪರದೇನೂ ಹಾಗೇ. ಅಂಗಡೀಲಿ ಅಳೆದಾಗ ಸರಿಯಾಗಿತ್ತು. ಇಲ್ಲಿ ತಂದು ಹಾಕಿದ್ರೆ ಮೂರಿಂಚು ಕಮ್ಮಿ.

ಯಜಮಾನ: ಯಾವ ಅಂಗಡಿ?

ಟೀಚರಮ್ಮ: ನಿಮ್ಮದೇ. ನೀವೇ ಅಳೆದು ಕೊಟ್ರಿ. ಟೇಪೂ ಇದೇ ಇರಬೇಕು.

ಯಜಮಾನ: ಒಗೆದಿರ್ತೀರಿ. ಒಗೆದ್ರೆ ಎಂಥ ಬಟ್ಟೆನೂ ಕುಗ್ಗುತ್ತೆ.

ಟೀಚರಮ್ಮ: ಇನ್ನೂ ಒಗೆದಿಲ್ಲ.

ಹೆಂಡತಿ ಕೈಚೀಲದೊಳಗೆ ಏನನ್ನೋ ಹುಡುಕುವವಳಂತೆ ಮುಖ ತಗ್ಗಿಸಿದಳು. ಭುಜ ಮಾತ್ರ ಅಲುಗುತ್ತಿತ್ತು. ಯಜಮಾನ ಟೇಪು ಸುತ್ತಿ ಜೇಬಿಗೆ ಹಾಕಿಕೊಂಡು, ದನಿ ತಗ್ಗಿಸಿದ.

ಯಜಮಾನ: ಪರದೆ ವಿಷಯ ಆಮೇಲೆ ಮಾತಾಡೋಣ. ಮೂರು ವಾರದಲ್ಲಿ ನನಗೆ ಕಾಲು ಎಟುಕಬೇಕು.

ಟೀಚರಮ್ಮ: ನಿಮ್ಮ ಕಾಲು ನಿಮಗೆ ಮೂರು ತಿಂಗಳಿಗೂ ಎಟುಕಲ್ಲ.

ಯಜಮಾನ: ನನ್ನದಲ್ಲ, ಅವಳದ್ದು. ಆಪರೇಷನ್ ಆದ್ಮೇಲೆ ಬಿಗಿ ಕಾಲುಚೀಲ ಹಾಕಬೇಕಂತೆ. ಕೆಳಗೆ ಕೂತು. ಅವಳಿಗೆ ಗೊತ್ತಿಲ್ಲ.

ಟೀಚರಮ್ಮ ಅವನನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿದರು. ಅಳೆಯುವ ಸರದಿ ಈಗ ಅವರದು.

ಟೀಚರಮ್ಮ: ಮೊದಲೇ ಬಾಯಿ ಬಿಡೋದಲ್ವಾ. ಅದಕ್ಕೆ ಕೂರೋದು ಬಂದ್ರೆ ಸಾಕು, ಕೂತಾಗಿದೆಯಲ್ಲ. ಹಾಗೇ ಜರುಗಿ. ಕುರ್ಚಿ ತನಕ.

ಯಜಮಾನ ಕೂತಲ್ಲಿಂದಲೇ ಜರುಗುತ್ತ ಹೊರಟ. ಗೋದಾಮಿನಲ್ಲಿ ದೊಡ್ಡ ಗಂಟು ಸರಿಸುವಾಗ ಆಗುವಂಥ ಸದ್ದಾಯಿತು.

ಹೆಂಡತಿ: ಎಲ್ಲಿಗೆ ಸವಾರಿ?

ಟೀಚರಮ್ಮ: ಅಮ್ಮಾ, ಎಡಗಾಲು ಇವರ ತೊಡೆ ಮೇಲಿಡಿ.

ಹೆಂಡತಿ: ಇದ್ಯಾವ ಆಸನ?

ಟೀಚರಮ್ಮ: ಒಂದೇ ಸಾಕು ಅಂದ್ರಲ್ಲ ಇವರು, ಅದು.

ಬಾಗಿಲ ಬಳಿ ಬಿಚ್ಚಿಟ್ಟಿದ್ದ ಅವನ ಕಾಲುಚೀಲವನ್ನೇ ಟೀಚರಮ್ಮ ತಂದುಕೊಟ್ಟರು. ಅದೊಂದನ್ನು ಅವಳ ಕಾಲಿಗೆ ಏರಿಸಲು ನಾಲ್ಕು ನಿಮಿಷ ಹಿಡಿಯಿತು. ನಡುವೆ ಅವನು ಉಸಿರನ್ನು ಪೂರ್ತಿ ಬಿಟ್ಟ, ಯಾರೂ ಹೇಳಿರಲಿಲ್ಲ.

ಹೆಂಡತಿ: ರೀ. ಡಾಕ್ಟರು ನನಗೂ ಹೇಳಿದ್ರು. ಈ ಕ್ಲಾಸು ಹುಡುಕಿದ್ದು ಅದಕ್ಕೇ. ನಿಮ್ಮ ಕಾಲುಚೀಲಕ್ಕೆ ಅಂದ್ರೆ ಬರ್ತೀರಿ, ನನ್ನದಕ್ಕೆ ಅಂದ್ರೆ ನರ್ಸ್ ಇಡೋಣ ಅಂತೀರೇನೋ ಅಂತ ಬಾಯಿ ಬಿಡಲಿಲ್ಲ.

ಯಜಮಾನ: ನರ್ಸ್ ಬೇಡ ಅಂದಿದ್ದೇ ನಾನು.

ಹೆಂಡತಿ ಪಾದ ಅತ್ತಿತ್ತ ತಿರುಗಿಸಿ ನೋಡಿದಳು.

ಹೆಂಡತಿ: ಹಿಮ್ಮಡಿ ಭಾಗ ಮೇಲೆ ಬಂದಿದೆ.

ಯಜಮಾನ: ಒಗೆದ್ರೆ ಸರಿಹೋಗುತ್ತೆ.

ಹೆಂಡತಿ: ತೆಗೀರಿ. ಮತ್ತೆ ಹಾಕಿ.

ತೆಗೆದ. ಮತ್ತೆ ಹಾಕಿದ. ಈ ಸಲ ಮೂರೂವರೆ ನಿಮಿಷ. ಬಿಸಿಲ ಪಟ್ಟಿ ಸರಿದು ಅವಳ ಪಾದದ ಮೇಲೆ ಬಿದ್ದಿತ್ತು. ಕೆಲಸಕ್ಕೆ ಬೆಳಕಿನ ಕೊರತೆಯೇನೂ ಆಗಲಿಲ್ಲ. ಆದರೂ ಟೀಚರಮ್ಮನಿಗೆ ಅವನು ಕೊಡಬೇಕಾದದ್ದು ಮೂರು ಇಂಚು ಪರದೆ ಬಟ್ಟೆ, ಎಳೆಯದೆ ಅಳೆದದ್ದು.