ಮಂಕಾದ ನೀಹಾರಿಕೆ

ಸೇಬು ಬೆಳೆಗಾರರ ಸಂಘದ ಕೆಲಸದಿಂದ ನಿವೃತ್ತನಾದ ಮೇಲೆ ತೊಕುಜಿಗೆ ಉಳಿದದ್ದು ಒಂದೇ ಕೊರಗು: ತನ್ನ ನೀಹಾರಿಕೆಯ ವಿಷಯ ಕೇಳುವ ಒಂದು ನರಪಿಳ್ಳೆಯೂ ಇನಾ ಕಣಿವೆಯಲ್ಲಿ ಇಲ್ಲವಲ್ಲ! ನೀಹಾರಿಕೆ ಎಂದರೆ ಆಕಾಶದ ಧೂಳುಮೋಡ. ಇವನದು ಆಗಾಗ ಬೆಳಗಿ ಆಗಾಗ ಮಂಕಾಗುವ ಜಾತಿಯದು. (ಮನೆಯ ಧೂಳನ್ನು ಇಷ್ಟು ಶ್ರದ್ಧೆಯಿಂದ ನೋಡಿದ್ದರೆ ಹೆಂಡತಿ ಮಿಸಾವೊ ಶುಭದಿನಕ್ಕೆ ಮಾಡುವ ಕೆಂಪು ಅಲಸಂದೆಯ ಅನ್ನ ಮಾಡಿ ಬೀದಿಗೆಲ್ಲ ಹಂಚುತ್ತಿದ್ದಳು.)

ಸಂಜೆ ಊಟ ಮುಗಿದದ್ದೇ ತಡ, ಬಟ್ಟೆ ಒಣಗಿಸುವ ಮಹಡಿ ಹತ್ತಿ ದೂರದರ್ಶಕಕ್ಕೆ ಕಣ್ಣಿಡುವನು. ಬೇರೆ ಯಾರೂ ಇಲ್ಲವೆಂದು ನೀಹಾರಿಕೆಯೊಡನೆಯೇ ಮಾತು. "ಏನಮ್ಮ, ಮುಖ ಬಾಡಿದೆ? ಊಟ ಸೇರ್ಲಿಲ್ವಾ?"

"ರೀ, ಸ್ನಾನದ ತೊಟ್ಟಿ ಕಾದಿದೆ. ಯಜಮಾನರು ಮೊದಲು ನೀರಿಗೆ ಇಳೀದೆ ನಾನು ಹೇಗೆ ಇಳೀಲಿ?" ಎಂದು ಮಿಸಾವೊ ಕೆಳಗಿನಿಂದ ಕೂಗುವಳು.

"ನೀನೇ ಇಳಿಯೇ! ವಿಜ್ಞಾನ ಕಾಯಲ್ಲ!"

ಮದುವೆಯಾದಂದಿನಿಂದ ಅವನ ನಂತರವೇ ಆ ನೀರಿಗೆ ಇಳಿಯುತ್ತಿದ್ದವಳು ಈ ಚಳಿಗಾಲ ಮೊದಲು ಇಳಿಯತೊಡಗಿದಳು.

ಈ ಚಳಿಗಾಲವೇ ನೀಹಾರಿಕೆ ಮಂಕಾಯಿತು. ತೊಕುಜಿ ಕುಣಿದಾಡಿದ. ಇನ್ನಾದರೂ ಜಗತ್ತು ತನ್ನ ಮಾತಿಗೆ ಕಿವಿಗೊಡುವುದೆಂದು ಆಕಾಶ ವೀಕ್ಷಕರ ಬಳಗಕ್ಕೆಲ್ಲ ಚಿತ್ರ ಕಳಿಸಿ, ಮಾರನೆಯ ಸಂಜೆ ಮಹಡಿಯಲ್ಲೇ ಫೋನ್ ಹಿಡಿದು ಕೂತ. ಬಳಗದ ಹಿರಿಯರಾದ ಕುವಬಾರ ಮೇಷ್ಟ್ರು ಕರೆ ಮಾಡಿದರು.

"ಅಕ್ಕಪಕ್ಕದ ನಕ್ಷತ್ರ ನೋಡಿದ್ರಾ, ತೊಕುಜಿ?"

"ಅದು... ಇಲ್ಲ ಮೇಷ್ಟ್ರೇ."

"ಅವೂ ಮಂಕು. ಇಡೀ ಬ್ರಹ್ಮಾಂಡಕ್ಕೇ ಒಟ್ಟಿಗೆ ಕಾಯಿಲೆ ಬರುತ್ತೇನ್ರೀ? ನಿಮ್ಮನೇಲೇ ಏನೋ ಹೊಗೆಯಾಡ್ತಿದೆ, ನೋಡಿ."

ತೊಕುಜಿ ಬಗ್ಗಿ ನೋಡಿದ. ಕೆಳಗೆ ಬಚ್ಚಲುಮನೆಯ ಕಿಟಕಿ ಹಾರುಹೊಡೆದಿತ್ತು. ಅಲ್ಲಿಂದ ಎದ್ದ ಆವಿ ನೇರವಾಗಿ ದೂರದರ್ಶಕದ ಮುಂದೆ ಹಾದುಹೋಗುತ್ತಿತ್ತು.

"ಈ ಕೊರೆಯೋ ಚಳೀಲಿ ಕಿಟಕಿ ಯಾಕೆ ತೆಗೆದಿದ್ದೀಯೇ? ನನ್ನ ಮಾನ ಹೋಯ್ತು!"

"ನೀವು ಮಾತಾಡೋದು ಕೇಳ್ಲಿ ಅಂತ," ಎಂದಿತು ಆವಿಯೊಳಗಿನ ದನಿ. "ನನ್ನ ಹತ್ರ ಅಂತೂ ಆಡಲ್ಲ. ಅವಳ ಹತ್ರ ಆಡೋದನ್ನಾದ್ರೂ ಕೇಳೋಣ ಅಂತ. ಊಟ ಸೇರ್ಲಿಲ್ವಾ ಅಂದಾಗೆಲ್ಲ ಉತ್ತರಾನೂ ಕೊಟ್ಟಿದ್ದೀನಿ." ಕಿಟಕಿ ದಡಾರನೆ ಮುಚ್ಚಿತು.

ಆ ಉತ್ತರಗಳಲ್ಲಿ ಒಂದೂ ತೊಕುಜಿಯ ಕಿವಿಗೆ ಬಿದ್ದಿರಲಿಲ್ಲ.

ಮರುದಿನ ನೀಹಾರಿಕೆ ಎಂದಿನಂತೆ ಬೆಳಗಿತು. "ಏನಮ್ಮ, ಹೇಗಿದ್ದೀಯ?" ಎಂದ. ಆಕಾಶ ಸುಮ್ಮನಿತ್ತು. ಅದು ಯಾವಾಗಲೂ ಸುಮ್ಮನೆಯೇ ಇದ್ದದ್ದು, ಆದರೆ ಇಂದು ಅವನಿಂದ ತಡೆಯಲಾಗಲಿಲ್ಲ. ದಡದಡನೆ ಇಳಿದು ಬಚ್ಚಲ ಬಾಗಿಲು ಬಡಿದ.

"ಲೇ, ಕಿಟಕಿ ತೆಗಿಯೇ."

"ನಿಮ್ಮ ನೀಹಾರಿಕೆ ಮಂಕಾಗುತ್ತೆ."

"ಆಗ್ಲಿ ಬಿಡು."

"ನಂಗೆ ಚಳಿ. ಏನು ಹೇಳ್ಬೇಕೋ ಅಲ್ಲೇ ನಿಂತು ಹೇಳಿ."

ಹೇಳುವುದೇನು? ತಲೆ ಕೆರೆದುಕೊಂಡ. ಅವನಿಗೆ ಬರುತ್ತಿದ್ದ ಸಲ್ಲಾಪವೆಲ್ಲ ಒಂದೇ. "ಊಟ ಸೇರ್ತಾ?"

ಒಳಗೆ ನೀರಿನ ಸದ್ದು ನಿಂತಿತು. "ಯಾರನ್ನ ಕೇಳ್ತಿದ್ದೀರಿ?"

"ನಿನ್ನನ್ನೇ ಕಣೆ."

"ಹಾಗಾದ್ರೆ ಕೇಳಿ, ಸೇರ್ಲಿಲ್ಲ. ಇವತ್ತಿನ ಸಾರಿಗೆ ಎರಡು ಸಲ ಉಪ್ಪು ಹಾಕಿಬಿಟ್ಟೆ. ನೀವು ಬಟ್ಟಲು ಪೂರ್ತಿ ಕುಡಿದ್ರಲ್ಲ, ಗೊತ್ತಾಗ್ಲಿಲ್ವಾ?"

ಉಪ್ಪಿನ ಮಾತಿರಲಿ, ಇವತ್ತು ಸಾರು ಇತ್ತೆಂಬುದೇ ತೊಕುಜಿಗೆ ನೆನಪಿರಲಿಲ್ಲ.