ಛಾಯಾಪುರದ ದೀಪ ಆರಲು ಬಿಡದ ಕಾರ್ಯದರ್ಶಿಗಳಿಗೆ

ಶಿಮುಲ್ ಗಲ್ಲಿ ಯುವಕ ಸಂಘದ ದುರ್ಗಾಪೂಜಾ ಸಮಿತಿಗೆ ಯೌವನ ಮುಗಿದ ಮೇಲೂ ಕಾರ್ಯದರ್ಶಿಗಳಾಗಿ ಮುಂದುವರಿದಿರುವ, ಓಣಿಯ ಸಮಸ್ತರ ಅಣ್ಣ, ಭೋಂಬೋಲ್‌ದಾ ಆಗಿರುವ ಶ್ರೀ ತಮೋನಾಶ್ ಹಾಜ್ರಾ ಅವರಿಗೆ,

ಮಾನ್ಯರೇ,

ದೇವಿಯನ್ನು ಗಂಗೆಗೆ ಕಳುಹಿಸಿ ಬಂದ ಮೇಲೆ ತಮ್ಮ ಮನೆಗೆ ಬಂದು, ತಮ್ಮ ಕಾಲು ಮುಟ್ಟಿ, ಅತ್ತಿಗೆಯವರು ಮಾಡಿದ ಕೊಬ್ಬರಿ ಉಂಡೆ ತಿನ್ನಬೇಕಾದದ್ದು ಕಿರಿಯಳಾದ ನನ್ನ ಧರ್ಮ. ಈ ವರ್ಷ ತಮ್ಮ ಪಾದಗಳನ್ನು ಈ ಪತ್ರದ ಮೂಲಕವೇ ಮುಟ್ಟುತ್ತಿದ್ದೇನೆ. ನನ್ನ ಪಾಲಿನ ಉಂಡೆಯನ್ನೂ ದಯವಿಟ್ಟು ತಾವೇ ಸ್ವೀಕರಿಸಬೇಕು. ಪತ್ರವನ್ನು ಸಂಘದ ಫಲಕಕ್ಕೆ ಅಂಟಿಸಿದ್ದಕ್ಕೆ ಕ್ಷಮೆ ಇರಲಿ. ನನ್ನ ಕಾದಂಬರಿಯ ವಿಷಯದಲ್ಲಿ ಓಣಿಗೆ ತಿಳಿಯದ್ದು ಯಾವುದೂ ಇರಬಾರದೆಂದು ಗೊತ್ತುಮಾಡಿದವರು ತಾವೇ.

ನಾನು ಮೊದಲ ಕಾದಂಬರಿ ಬರೆಯುತ್ತಿದ್ದೇನೆ, ಅದೂ ಇಲ್ಲದ ಊರೊಂದರ ಅದ್ಭುತ ಕಥೆ ಎಂಬ ಸುದ್ದಿ ಹೇಗೋ ತಮ್ಮ ಕಿವಿಗೆ ಬಿದ್ದ ದಿನದಿಂದ, ನನ್ನ ಉತ್ಸಾಹ ಕುಗ್ಗದಂತೆ ನೋಡಿಕೊಳ್ಳುವ ಹೊಣೆಯನ್ನು ಯಾರೂ ಕೇಳದೆಯೇ ತಾವು ಹೊತ್ತಿರಿ. ಪ್ರತಿದಿನ ಬೆಳಿಗ್ಗೆ ನನ್ನ ಫೋನಿಗೆ ಸೂರ್ಯೋದಯದ ಚಿತ್ರವೊಂದು ಬರುತ್ತಿತ್ತು, ಅದರ ಮೇಲೆ ‘ನಿಮ್ಮೊಳಗಿನ ಹುಲಿಯನ್ನು ಎಬ್ಬಿಸಿ’ ಎಂಬ ಆದೇಶವಿರುತ್ತಿತ್ತು. ಹುಲಿ ಎದ್ದೇ ಇತ್ತು, ಮಾನ್ಯರೇ. ತಾವು ಅತ್ತ ಹೋದರೆ ಬರೆಯಲು ಕೂರೋಣವೆಂದು ಕಾಯುತ್ತಿತ್ತು. ನಾನು ಮೀನು ತರಲು ಹೋದಾಗ, ಬಸ್ಸಿಗೆ ಕಾದಾಗ, ಒಮ್ಮೆ ಹಲ್ಲಿನ ವೈದ್ಯರ ಮುಂದೆ ಬಾಯಿ ತೆರೆದು ಮಲಗಿದ್ದಾಗಲೂ ತಾವು ಪ್ರತ್ಯಕ್ಷರಾಗಿ, “ಏನಮ್ಮಾ ಕುಹೂ, ಬರವಣಿಗೆ ಎಲ್ಲೀವರೆಗೆ ಬಂತು?” ಎಂದು ಕೇಳಿದ ಆ ಕಾಳಜಿಯನ್ನು ಹೊಗಳಲು ನನ್ನಲ್ಲಿ ಮಾತಿಲ್ಲ. ಹಲ್ಲಿನ ವೈದ್ಯರಲ್ಲಿ ಇದ್ದವು. ಅವನ್ನು ಇಲ್ಲಿ ಬರೆಯುವಂತಿಲ್ಲ.

ಎಲ್ಲಕ್ಕಿಂತ ದೊಡ್ಡ ಉಪಕಾರ ಜಗಲಿಯದು. ಸಂಘದ ಮುಂದಿನ ಆ ಕಲ್ಲುಜಗಲಿಯ ಮೇಲೆ ಪ್ರತಿ ಭಾನುವಾರ ಸಂಜೆ ನನ್ನನ್ನು ಕೂರಿಸಿ, ಮಣ್ಣಿನ ಕುಡಿಕೆಯಲ್ಲಿ ಚಹಾ ಕೊಟ್ಟು, ಬದನೆಕಾಯಿ ಬಜ್ಜಿಯ ತಟ್ಟೆ ಮುಂದಿಟ್ಟು, “ಹೇಳು, ಹೇಳು, ಬಾಯಲ್ಲಿ ಬಂದದ್ದು ಆಮೇಲೆ ಕೈಯಲ್ಲಿ ತಾನಾಗೇ ಬರುತ್ತೆ” ಎಂದಿರಿ. ಈ ನಗರದಲ್ಲಿ ಹುಟ್ಟಿದ ಯಾರಿಗಾದರೂ ಇದು ಸುಳ್ಳೆಂದು ಗೊತ್ತಿರಬೇಕಾಗಿತ್ತು. ಇಲ್ಲಿನ ಜಗಲಿಗಳ ಮೇಲೆ ಮುಗಿದುಹೋದಷ್ಟು ಕಾದಂಬರಿಗಳು ಅಚ್ಚಿನ ಮನೆಗಳಲ್ಲಿ ಮುಗಿದಿಲ್ಲ. ಆದರೂ ನಾನು ಹೇಳಿದೆ. ನೆರಳನ್ನೇ ಸುಂಕವಾಗಿ ವಸೂಲಿ ಮಾಡುವ ಛಾಯಾಪುರದ ರಾಣಿಯ ಬಗ್ಗೆ ಹೇಳಿದೆ; ಹೆಬ್ಬಾಗಿಲು ದಾಟುವಾಗಲೆಲ್ಲ ಗೇಣು ಗೇಣು ನೆರಳು ತೆತ್ತು, ಕೊನೆಗೆ ನೆರಳೇ ಉಳಿಯದೆ, ಯಾರ ಕಣ್ಣಿಗೂ ಕಾಣದಂತಾದ ಬಡವರ ಬಗ್ಗೆ ಹೇಳಿದೆ; ಅವರಲ್ಲೊಬ್ಬಳಾದ ಝಿಲಿಕ್ ಗೋಪುರ ಹತ್ತಿ ನಗರದ ಮಹಾದೀಪವನ್ನು ಊದಿ ಆರಿಸುವುದನ್ನೂ ಹೇಳಿದೆ. ಕೇರಂ ಆಡುವವರು ಆಟ ನಿಲ್ಲಿಸಿ ಚಪ್ಪಾಳೆ ತಟ್ಟಿದರು. ಓಣಿಗೆಲ್ಲ ಚಿಕ್ಕಮ್ಮನಾದ ಬುಲುಮಾಶಿ ಮಾತ್ರ, “ಅಷ್ಟೆಲ್ಲಾ ಆಯ್ತು, ಮದುವೆ ಯಾವಾಗ? ಆ ಹುಡುಗೀದು ಬಿಡು, ನಿಂದು?” ಎಂದರು. ಮನೆಗೆ ಬಂದು ಬರೆಯಲು ಕುಳಿತರೆ, ಸಿಗಬೇಕಾದ ಮೆಚ್ಚುಗೆಯೆಲ್ಲ ಬಜ್ಜಿಯ ಜೊತೆಗೇ ಜೀರ್ಣವಾಗಿಬಿಟ್ಟಿತ್ತು. ದೀಪ ಆರುವವರೆಗೆ ಹೇಗೋ ಎಳೆದುಕೊಂಡು ಬಂದೆ. ಆರಿದ ಮೇಲೆ ಆ ಕತ್ತಲಲ್ಲಿ ಜನರಿಗೆ ಏನಾಗುತ್ತದೆ? ಅದು ನನಗೆ ತಿಳಿಯಲಿಲ್ಲ. ಕೊನೆಯ ಅಧ್ಯಾಯ ಅಲ್ಲೇ ನಿಂತಿತು, ಮತ್ತೊಂದು ಪೂಜೆ ಬಂದರೂ ಕದಲಲಿಲ್ಲ.

ಆಗಲೇ ತಾವು, ಮಂಟಪಕ್ಕೆ ಮೊದಲ ಬಿದಿರು ನೆಡುವ ದಿನ, ಮೈಕಿನಲ್ಲಿ ಘೋಷಿಸಿದಿರಿ: ಈ ವರ್ಷದ ಮಂಟಪದ ಥೀಮು ಛಾಯಾಪುರ! ನನ್ನನ್ನು ಕೇಳಲಿಲ್ಲವೆಂದು ನಾನು ದೂರುವುದಿಲ್ಲ. “ನಿಂಗೆ ಮೋಟಿವೇಶನ್ ಸಿಗ್ಲಿ ಅಂತಾನೇ ಮಾಡಿದ್ದು ಕಣಮ್ಮಾ. ನಿನ್ನ ಊರನ್ನ ನೀನೇ ಕಣ್ಣಾರೆ ನೋಡಿದ್ರೆ ಕೈ ತಾನಾಗೇ ಓಡುತ್ತೆ” ಎಂದು ತಾವು ನನ್ನ ಬೆನ್ನು ತಟ್ಟಿದ್ದು ನೆನಪಿದೆ. ಪರಭಾಷೆಗಳಿಂದ ಬಂದ ಕಾದಂಬರಿಗಳನ್ನೇ ಓದಿ ಬೆಳೆದವಳು ನಾನು. ಅನುವಾದದಲ್ಲಿ ಒಂದಿಷ್ಟು ಕಳೆದುಹೋಗುತ್ತದೆಂಬುದನ್ನು ಬಲ್ಲೆ. ಆದರೆ ಥರ್ಮಾಕೋಲಿಗೆ ಅನುವಾದವಾದ ಕೃತಿಯನ್ನು ನೋಡಿದ್ದು ಅದೇ ಮೊದಲು. ಸುಂಕ ವಸೂಲಿ ಮಾಡುವ ರಾಣಿ ಐಸ್‌ಕ್ರೀಂ ಮಾರುವವರ ಪಕ್ಕದಲ್ಲಿ ನಗುತ್ತಾ ಕೈಬೀಸುತ್ತಿದ್ದಳು. ನೆರಳಿಲ್ಲದ ಬಡವರು ಗುಲಾಬಿ ಬಣ್ಣದಲ್ಲಿದ್ದರು. ದೀಪ ಆರುವ ಆ ಗೋಪುರಕ್ಕಂತೂ ತಾವು ಚಂದನನಗರದಿಂದ ದೀಪದವರನ್ನೇ ಕರೆಸಿ, ಬುಡದಿಂದ ತುದಿಯವರೆಗೆ ಬಣ್ಣಬಣ್ಣದ ಬಲ್ಬುಗಳನ್ನು ಓಡಾಡಿಸಿದಿರಿ. ದೀಪ ಆರಲೇಬೇಕಲ್ಲ ಎಂದು ನಾನು ಮೆಲ್ಲಗೆ ಅಂದಾಗ, “ಹುಚ್ಚಿ! ಪೂಜೇಲಿ ಕತ್ತಲೆ ಮಾಡಿದ್ರೆ ನಮ್ಮ ಮಂಟಪಕ್ಕೆ ನಾಯೀನೂ ಬರಲ್ಲ” ಎಂದಿರಿ. ಹೆಬ್ಬಾಗಿಲ ಫಲಕದಲ್ಲಿ ‘ಪರಿಕಲ್ಪನೆ: ತಮೋನಾಶ್ ಹಾಜ್ರಾ’ ಎಂದು ಆಳೆತ್ತರದ ಅಕ್ಷರಗಳಿದ್ದವು. ಅವುಗಳ ಕೆಳಗೆ, ಚಪ್ಪಲಿ ಬಿಡುವ ಜಾಗದ ಹತ್ತಿರ, ‘ಪ್ರೇರಣೆ: ಓಣಿಯ ಮಗಳು ಕುಹೇಲಿ’ ಎಂದಿತ್ತು. ನಾನು ಇಷ್ಟು ಕಾಲದಿಂದ ಹುಡುಕುತ್ತಿದ್ದ ಪ್ರೇರಣೆ ನಾನೇ ಎಂಬುದು ನನಗೆ ತಿಳಿದದ್ದು ಹೀಗೆ.

ಮಂಟಪ ನೋಡಿ ಹೊರಬಂದವರು ನನ್ನನ್ನು ಅಭಿನಂದಿಸಿದರು. ಪಕ್ಕದ ಗಲ್ಲಿಯ ಔಷಧಿ ಅಂಗಡಿಯವರು, “ನೋಡೇಬಿಟ್ವಲ್ಲ, ಇನ್ನು ಬರೆಯೋ ಕಷ್ಟ ಯಾಕೆ?” ಎಂದರು. ಅದನ್ನು ಕೇಳಿದಾಗ ನನಗೆ ಸಿಟ್ಟು ಬರಲಿಲ್ಲ, ಮಾನ್ಯರೇ. ಹೌದಲ್ಲವೇ ಅನಿಸಿತು. ಬರೆದದ್ದನ್ನೆಲ್ಲ ಹಳೇ ಪೇಪರಿನವನಿಗೆ ಹಾಕಿಬಿಡೋಣವೆಂದು ಅಂದೇ ತೀರ್ಮಾನಿಸಿದೆ. ತಮ್ಮ ಪ್ರೋತ್ಸಾಹ ನನ್ನನ್ನು ತಂದು ನಿಲ್ಲಿಸಿದ್ದು ಅಲ್ಲಿಗೆ.

ಇನ್ನು ಅಷ್ಟಮಿಯ ಸಂಜೆಯ ತಮ್ಮ ಸಾಧನೆಗೆ ಬರುತ್ತೇನೆ. ಹೆಬ್ಬಾಗಿಲಲ್ಲಿದ್ದ ತಮ್ಮ ಭಾವಚಿತ್ರದ ಸುತ್ತ ದೀಪದ ಹಾವೊಂದು ಸಾಲದೆಂದು ಎರಡನೆಯದನ್ನೂ ಸುತ್ತಿಸಿ, “ಒಂದು ಸಾಲು ಜಾಸ್ತಿ ಆದ್ರೆ ಆಕಾಶ ಬೀಳುತ್ತಾ?” ಎನ್ನುತ್ತಾ ತಾವೇ ಸ್ವಿಚ್ಚು ಒತ್ತಿದಿರಿ. ಆಕಾಶ ಬೀಳಲಿಲ್ಲ. ಫ್ಯೂಸು ಹೋಯಿತು. ಗೋಪುರ, ರಾಣಿ, ಬಡವರು, ತಾವು, ಎಲ್ಲರೂ ಒಂದೇ ಸಲಕ್ಕೆ ಕಾಣದಾದರು. ನಾನು ಆಗ ಮಂಟಪದ ಒಳಗೆ, ಜನಸಾಗರದ ನಡುವೆ ಸಿಕ್ಕಿಕೊಂಡಿದ್ದೆ. ಧಾಕ್ ಡೋಲಿನ ಸದ್ದು ನಿಂತಿತು. ಯಾರೋ ತಾಯಿ, “ತಿತ್ಲೀ, ನನ್ನ ಸೆರಗು ಹಿಡ್ಕೋ!” ಎಂದು ಕೂಗಿದರು. ಇನ್ಯಾರೋ, “ನನ್ನ ಕೈ ಹಿಡಿದಿರೋರು ಯಾರ್ರೀ?” ಎಂದರೆ, “ಸೀಲ್ದಾದಿಂದ ಬಂದಿರೋ ನಿತಾಯಿ. ನೀವು?” ಎಂಬ ಉತ್ತರ ಬಂತು. ನನ್ನ ಮೊಣಕೈಗೂ ಒಂದು ಸುಕ್ಕುಗಟ್ಟಿದ ಕೈ ಜೋತುಬಿತ್ತು. “ಯಾರಮ್ಮ ನೀನು? ಯಾರಾದ್ರೂ ಆಗು, ಬಿಡಬೇಡ. ನಂಗೆ ಹಗಲಲ್ಲೇ ಸರಿಯಾಗಿ ಕಾಣಲ್ಲ” ಎಂದ ದನಿ ಬುಲುಮಾಶಿಯದು. ಸುತ್ತಲೂ ಕತ್ತಲಲ್ಲಿ ಜನ ಒಬ್ಬರ ಹೆಸರನ್ನೊಬ್ಬರು ಕೇಳುತ್ತಿದ್ದರು. ಬೆಳಕಿದ್ದಾಗ ಯಾರೂ ಕೇಳಿರಲಿಲ್ಲ. ನನ್ನ ಎದೆ ಎಷ್ಟು ಜೋರಾಗಿ ಹೊಡೆದುಕೊಂಡಿತೆಂದರೆ, ಮಾಶಿ, “ಹೆದರ್ಬೇಡ ಮಗಳೇ” ಎಂದು ನನ್ನ ಬೆನ್ನು ಸವರಿದರು. ನಾನು ಹೆದರಿರಲಿಲ್ಲ. ಛಾಯಾಪುರದ ಒಳಗೆ ಮೊದಲ ಸಲ ನಿಂತಿದ್ದೆ.

ಅಷ್ಟರಲ್ಲಿ ಜನರೇಟರು ಗುಡುಗಿತು, ಬಲ್ಬುಗಳೆಲ್ಲ ಬಂದವು, ಹಿಡಿದಿದ್ದ ಕೈಗಳೆಲ್ಲ ನಾಚಿ ಬೇರೆಯಾದವು, ತಾವು ಮೈಕು ಹಿಡಿದು, “ಯಾರೂ ಗಾಬರಿ ಆಗ್ಬೇಡಿ, ಇದೂ ನಮ್ಮ ಥೀಮಿನ ಒಂದು ಭಾಗವೇ!” ಎಂದಿರಿ. ಇಡೀ ಹಬ್ಬದಲ್ಲಿ ತಾವು ಆಡಿದ ಒಂದೇ ನಿಜ ಅದು. ಅದನ್ನೂ ಸುಳ್ಳೆಂದುಕೊಂಡೇ ಆಡಿದಿರಿ.

ನವಮಿಯ ಭೋಗದ ಪ್ರಸಾದದೂಟಕ್ಕೆ ನಾನು ಬರಲಿಲ್ಲವೆಂದು ತಾವು ಬೇಸರಪಟ್ಟಿರಂತೆ. ಕೊನೆಯ ಅಧ್ಯಾಯ ಬರೆಯುತ್ತಿದ್ದೆ. ವಿಸರ್ಜನೆಗೆ ದೇವಿ ಲಾರಿ ಹತ್ತುವ ಹೊತ್ತಿಗೆ ಮುಗಿಯಿತು.

ಆದ್ದರಿಂದ ಮಾನ್ಯರಲ್ಲಿ ನನ್ನ ಕೆಲವು ಅಲ್ಪ ಬಿನ್ನಹಗಳಿವೆ. ಮುಂದಿನ ವರ್ಷ ಸಂಘದ ವತಿಯಿಂದ ಓಣಿಯ ಎಲ್ಲ ಬರಹಗಾರರಿಗೂ ಅರ್ಧ ಗಂಟೆಯ ಕತ್ತಲೆಯನ್ನು, ಭಾಷಣವಿಲ್ಲದೆ, ಒದಗಿಸಬೇಕು. ಬರೆಯುತ್ತಿರುವವರು ಕುಳಿತ ಕೂಡಲೇ ಒಳಕ್ಕೆ ಮಡಚಿಕೊಳ್ಳುವಂಥ ಜಗಲಿಯನ್ನು ಕಟ್ಟಿಸಬೇಕು. ಸೂರ್ಯನಿಗೆ ತಿಳಿಸಿ ಕೆಲವು ದಿನ ಉದಯವನ್ನು, ಅದಾಗದಿದ್ದರೆ ಅದರ ಚಿತ್ರವನ್ನಾದರೂ, ತಡೆಹಿಡಿಯಬೇಕು. ಇನ್ನು, “ಅರ್ಪಣೆ ನಮ್ಮ ಸಂಘಕ್ಕೇ ಇರ್ಲಿ ಕಣಮ್ಮಾ, ನಿನ್ನ ಕೈಲಿ ಬರೆಸಿದ್ದು ನಾವೇ ತಾನೇ” ಎಂದು ತಾವು ಹೇಳಿಕಳುಹಿಸಿದ್ದನ್ನು ಗೌರವದಿಂದ ಪರಿಶೀಲಿಸಿದ್ದೇನೆ. ಪುಸ್ತಕ ಫ್ಯೂಸಿಗೆ ಅರ್ಪಿತವಾಗಿದೆ. ಅದು ಸಂಘದ ಆಸ್ತಿಯೇ ಆದ್ದರಿಂದ ತಮಗೆ ಆಕ್ಷೇಪವಿರಲಾರದೆಂದು ನಂಬಿದ್ದೇನೆ.

ಎಂದೆಂದಿಗೂ ತಮ್ಮ ಬೆಳಕಿನಿಂದ ತುಸು ದೂರದಲ್ಲಿರಬಯಸುವ,
ತಮ್ಮ ವಿಶ್ವಾಸಿ,
ಕುಹೇಲಿ ತಲಾಪಾತ್ರ

ಮರೆತಿದ್ದೆ: ದೀಪ ಆರಿದ ಮೇಲೆ ಝಿಲಿಕ್ ಏನು ಮಾಡಿದಳೆಂದು ದಯವಿಟ್ಟು ಜಗಲಿಯಲ್ಲಿ ಕೇಳಬೇಡಿ, ಇನ್ನು ಮುಂದೆ ನಾನು ಬಜ್ಜಿಯನ್ನಷ್ಟೇ ತಿನ್ನುತ್ತೇನೆ. ಆದರೆ ಕಥೆಗೆ ಹೊಸದಾಗಿ ಒಬ್ಬ ಬಂದಿದ್ದಾನೆಂದು ಮಾತ್ರ ತಿಳಿಸಬಲ್ಲೆ. ಅವನು ಮಹಾದೀಪದ ಕಾವಲುಗಾರ, ದೀಪಕ್ಕೆ ಬೆನ್ನುಮಾಡಿ ನಿಂತು ತನ್ನ ನೆರಳು ಎಷ್ಟು ಉದ್ದವಿದೆಯೆಂದು ದಾರಿಹೋಕರಿಗೆಲ್ಲ ತೋರಿಸುತ್ತಿರುತ್ತಾನೆ. ಅವನು ಯಾರಿರಬಹುದೆಂದು ತಾವು ತಲೆ ಕೆಡಿಸಿಕೊಳ್ಳುವ ಅಗತ್ಯವಿಲ್ಲ. ಆ ಪುಟಗಳನ್ನು ಬುಲುಮಾಶಿಗೆ ಓದಿ ಹೇಳಿದೆ. ಹಗಲಲ್ಲೇ ಕಣ್ಣು ಕಾಣದ ಅವರಿಗೂ ಎರಡನೇ ವಾಕ್ಯಕ್ಕೇ ಅವನು ಕಂಡ.